ತಿರುವಿನಲ್ಲಿ ಏನಿದೆ

ನವೆಂಬರ್. ಐದಕ್ಕೇ ಫ್ಲಾಂಡರ್ಸ್ ಕತ್ತಲು.
ಲೀವನ್ನನ ಸೈಕಲ್ ಅಂಗಡಿಯಲ್ಲಿ
ರಿಪೇರಿಗೆ ಬಂದ ಗಾಡಿಗಳನ್ನೆಲ್ಲ ಗೋಡೆಗೊರಗಿಸಿ
ಇಪ್ಪತ್ತು ಕುರ್ಚಿ ಹಾಕಿದ್ದರು.
ಬಂದವರು ಮೂವತ್ತೆರಡು.
ನಾನು ಟೈರುಗಳ ರಾಶಿಯ ಮೇಲೆ ಕೂತೆ,
ಅಂಚೆಯ ಕೆಂಪು ಜಾಕೆಟ್ಟಿನಲ್ಲೇ,
ಬಟ್ಟೆ ಬದಲಿಸಲು ಪುರಸೊತ್ತಿರಲಿಲ್ಲ.

ವಾನ್ನೆಸ್ ಸ್ಟ್ರೋಬಾಂಟ್ ಬಂದ.
ಟೀವಿಯಲ್ಲಿ ಕಂಡದ್ದಕ್ಕಿಂತ ಸಣ್ಣವ.
ಕುತ್ತಿಗೆ ಕೊಕ್ಕರೆಯದು, ತೊಡೆ ಮಾತ್ರ ಎತ್ತಿನದು,
ಯಾರದೋ ಕಾಲು ಕಡ ತಂದು ಜೋಡಿಸಿಕೊಂಡ ಹಾಗೆ.
ಒಳಗೆ ಬರುವಾಗ ಹೊಸ್ತಿಲು ಎಡವಿದ.
ಒಬ್ಬರೂ ನಗಲಿಲ್ಲ. ಅಷ್ಟು ಮರ್ಯಾದೆ.

ಬೆಳಗ್ಗೆ ಏನು ತಿನ್ನುತ್ತೀರಿ?
ಅನ್ನ.
ಮತ್ತೆ?
ಮತ್ತೂ ಅನ್ನ.
ಕಲ್ಲುಹಾಸಿನ ಮೇಲೆ ಹ್ಯಾಂಡಲ್ ಹೇಗೆ ಹಿಡಿಯಬೇಕು?
ಸಡಿಲವಾಗಿ. ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡು ಹಿಡಿದ ಹಾಗೆ.
ಮುರಿದ ಮೂಳೆ ಎಷ್ಟು?
ಎಡಭುಜದ್ದು ಎರಡು ಸಲ, ಬಲದ್ದು ಒಮ್ಮೆ,
ಹಲ್ಲುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.
ಗೆದ್ದದ್ದು?
ಅವನು ಒಂದು ಗುಟುಕು ನೀರು ಕುಡಿದ.
ಒಂದು ಸಲ. ಪೋರ್ಚುಗಲ್ಲಿನಲ್ಲಿ, ಒಂದು ಮಂಗಳವಾರ.
ಮುಂದಿದ್ದ ಮೂವರು ದಾರಿ ತಪ್ಪಿ ಯಾವುದೋ ತೋಟಕ್ಕೆ ನುಗ್ಗಿದ್ದರು.
ಈಗ ಎಲ್ಲರೂ ನಕ್ಕರು, ಅವನೇ ಮೊದಲು.

ಒಬ್ಬ ಹುಡುಗ, ಕಾಲು ಮುಟ್ಟಿ ನೋಡಲೇ, ಎಂದ.
ಮುಟ್ಟಿದ.
'ಕಲ್ಲು' ಎಂದು ಅಮ್ಮನಿಗೆ ವರದಿ ಒಪ್ಪಿಸಿದ.

ಕೇಳುವ ಇರಾದೆ ನನಗಿರಲಿಲ್ಲ. ಬಾಯಿ ತಾನೇ ತೆರೆಯಿತು:
ನಮ್ಮ ಗಿರಣಿ ಓಣಿಯ ಏರು,
ಏಪ್ರಿಲ್ ರೇಸಿನಲ್ಲಿ ಒಂಬತ್ತು ವರ್ಷ ಹಾದಿದ್ದೀರಿ,
ಆ ಎಡತಿರುವಿನಲ್ಲಿ ನಿಮಗೆ ಏನು ಕಾಣುತ್ತದೆ?

ಬಹಳ ಹೊತ್ತು ಯೋಚಿಸಿದ.
ಲೀವನ್ನನ ಬಿಯರ್ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
'ಮುಂದಿನವನ ಹಿಂದಿನ ಚಕ್ರ.
ಒಂದು ಗೇಣು ದೂರ. ಅದಕ್ಕಂಟಿದ ಕೆಸರು.
ಒಂಬತ್ತು ವರ್ಷವೂ ಅಷ್ಟೇ.'
ಆಮೇಲೆ, ನಿಜಕ್ಕೂ ತಿಳಿಯಬೇಕೆಂಬಂತೆ,
'ಏನಿದೆ ಅಲ್ಲಿ?'

ಇಪ್ಪತ್ತೆರಡು ವರ್ಷ ಅದೇ ಏರಿನಲ್ಲಿ
ಚೀಲ ಹೊತ್ತು ತುಳಿದವರನ್ನು ಯಾರೂ ಹೀಗೆ ಕೇಳಿರಲಿಲ್ಲ.
ಹೇಳಿದೆ:
ಒಂದು ಪೇರ್ ಮರ, ಗೋಡೆಗೊತ್ತಿ ಬೆಳೆಸಿದ್ದು,
ಪೊಲೀಸರೆದುರು ಕೈಚಾಚಿ ನಿಂತವರ ಹಾಗಿದೆ.
ಹನ್ನೊಂದನೇ ನಂಬರಿನ ಹಸಿರು ಬಾಗಿಲು, ಇರ್ಮಾ, ಎಂಬತ್ತೇಳು.
ಅವಳಿಗೆ ಬರುವುದು ಕರೆಂಟ್ ಬಿಲ್ಲು, ಸೂಪರ್ ಮಾರ್ಕೆಟ್ಟಿನ ಕರಪತ್ರ,
ಆದರೂ ಡಬ್ಬಿಗೆ ಹಾಕಬೇಡ ಎನ್ನುತ್ತಾಳೆ, ಕೈಯಲ್ಲೇ ಕೊಡು.
ಹದಿಮೂರರಲ್ಲಿ ಕುಂಟುನಾಯಿ, ಅದಕ್ಕೆ ಸೈಕಲ್ ಕಂಡರಾಗದು.
ಮರದ ನೇರಕ್ಕೆ ಮೂರು ಕಲ್ಲು ಸಡಿಲ,
ಮಳೆ ಬಂದರೆ ಮಾತಾಡುತ್ತವೆ.

'ಅದು ಗೊತ್ತು!' ಥಟ್ಟನೆ ಎದ್ದುನಿಂತ.
'ಆ ಕಲ್ಲು ಗೊತ್ತು. ಕಣ್ಣಿಗಲ್ಲ, ಕೈಗೆ.'
ಅಂಗೈ ಬಿಡಿಸಿ ತೋರಿಸಿದ.
ನಾನೂ ನನ್ನದು ಬಿಡಿಸಿದೆ.
ಇಬ್ಬರಿಗೂ ಹೆಬ್ಬೆರಳ ಬುಡದಲ್ಲಿ,
ಒಂದೇ ಜಾಗದಲ್ಲಿ, ಜಡ್ಡು.

ಏಪ್ರಿಲ್ಲಿನಲ್ಲಿ ತಿರುವಿಗೆ ಹೋಗಿ ನಿಂತೆ.
ಮೊದಲು ಹೆಲಿಕಾಪ್ಟರು, ಮೋಟಾರುಬೈಕುಗಳು,
ಆಮೇಲೆ ಅವರು,
ಹನ್ನೊಂದು ಸೆಕೆಂಡು, ಅಷ್ಟೂ ಹೆಲ್ಮೆಟ್ಟು, ಕಪ್ಪು ಕನ್ನಡಕ,
ಬೆವರು ಮತ್ತು ಗ್ರೀಸಿನ ಒಂದು ಗಾಳಿ.
ಅವನು ಯಾವನೋ ಗೊತ್ತಾಗಲಿಲ್ಲ.
ಯಾರೂ ತಲೆ ತಿರುಗಿಸಲಿಲ್ಲ,
ಅಥವಾ ತಿರುಗಿಸಿದಾಗ ನಾನು ಕಣ್ಣು ಮಿಟುಕಿಸಿದ್ದೆನೋ.

ಸೋಮವಾರ ಇರ್ಮಾ ಬಾಗಿಲಲ್ಲೇ ಕಾಯುತ್ತಿದ್ದಳು,
ಕೈಯಲ್ಲೊಂದು ಪ್ಲಾಸ್ಟಿಕ್ ಬಾಟಲಿ.
'ಪೇರ್ ಮರದ ಬುಡದಲ್ಲಿತ್ತು. ಅರ್ಧ ತುಂಬಿದೆ. ಯಾರದು?'
ಒಂದು ಹೆಸರು ನಾಲಗೆಯ ತುದಿಗೆ ಬಂತು.
ಗೊತ್ತಿಲ್ಲ, ಎಂದೆ. ಮರಕ್ಕೇ ಹುಯ್ದುಬಿಡಿ.
'ಸಕ್ಕರೆ ನೀರು. ಇರುವೆ ಮುತ್ತುತ್ತದೆ.'
ಬಿಲ್ಲು ಇಸಿದುಕೊಂಡು, ಬಾಟಲಿಯನ್ನು
ಕಿಟಕಿಯ ಕಟ್ಟೆಯ ಮೇಲಿಟ್ಟಳು,
ಯಾರಾದರೂ ಕೇಳಿಕೊಂಡು ಬಂದರೆ ಕೊಡಲು.

ಹದಿಮೂರರ ನಾಯಿ ಬೊಗಳುತ್ತಾ ಬಂತು.
ಮೂರು ಕಲ್ಲು ಸಮೀಪಿಸಿದವು.
ಬಿಸಿ ಬ್ರೆಡ್ಡು, ಎಂದುಕೊಂಡೆ,
ಹಿಡಿತ ಸಡಿಲ ಬಿಟ್ಟೆ.