ಉಲ್ಲೆ

ರಾತ್ರಿ ಒಂದೂ ಇಪ್ಪತ್ತು. ಕೊಡಿಯಾಲಬೈಲು,
ಬ್ಯಾಂಕಿನ ಮೂರನೇ ಮಹಡಿ.
ಒಳಗೆ ಹಲ್ಲು ಕಡಿಸುವ ಏಸಿ, ಹೊರಗೆ ಮೇ ತಿಂಗಳ ಬೆವರು.
ರ‍್ಯಾಕಿನ ಅಂಚಿನಲ್ಲಿ ಹೊಸ ಪೆಟ್ಟಿಗೆ
ಹಸಿರು ಕಣ್ಣು ಮಿಟುಕಿಸುತ್ತ ಕೂಗುತ್ತಿದೆ:
ಯಾರಿದ್ದೀರಿ ಅಲ್ಲಿ? ಯಾರಿದ್ದೀರಿ?

ಉಡುಪಿಯ ಕಲ್ಸಂಕದಲ್ಲಿ ಇದರ ಜೋಡಿಯೂ
ಅದನ್ನೇ ಕೂಗುತ್ತಿದೆಯಂತೆ.
ಫೋನಿನಲ್ಲಿ ಸುಗಂಧಿ ಸಾಲಿಯಾನ್:
"ಕೂಗು ಜೋರೇ ಉಂಟು ಮಾರಾಯ. ಬಂದದ್ದು ಮಾತ್ರ ಏನಿಲ್ಲ."

ನಡುವಿನ ದಾರಿ ನಮ್ಮದಲ್ಲ, ಬಾಡಿಗೆಯದು.
ವಿಳಾಸ ಬರೆದ ಲಕೋಟೆಯಾದರೆ ಒಯ್ಯುತ್ತದೆ.
ಎಲ್ಲರಿಗೂ ಕೇಳಲಿ ಎಂದು ಕೂಗಿದ್ದನ್ನು
ಕೂಳೂರು ಸೇತುವೆ ದಾಟುವ ಮೊದಲೇ ಚೆಲ್ಲಿಬಿಡುತ್ತದೆ.
ವಿಳಾಸ ಬರೆಯೋಣವೆಂದರೆ,
ಅದು ಗೊತ್ತಾಗಲಿಕ್ಕೇ ಅಲ್ಲವೇ ಈ ಕೂಗು?

ಆಗ ನೆನಪಾದದ್ದು ಮೂಲ್ಕಿಯ ಉಗ್ಗಪ್ಪಣ್ಣ.
ಮಂಗಳೂರಿಗೂ ಸೇರದೆ ಉಡುಪಿಗೂ ಸೇರದೆ
ತಗಡಿನ ಗೂಡಿನಲ್ಲಿ ಕೂತ ಟೈಮ್ ಕೀಪರ್.
ಎಕ್ಸ್‌ಪ್ರೆಸ್ ಬಸ್ಸು ಪೂರ್ತಿ ನಿಲ್ಲುವ ಮೊದಲೇ
ಕಂಡಕ್ಟರ್ ಹಾರಿ ಬಂದು ಚೀಟಿ ಚಾಚಿ ಒಂದೇ ಮಾತು:
"ಉಲ್ಲೆ."
ಇದ್ದೇನೆ ಎನ್ನಲು ತುಳುವಿನಲ್ಲಿ ಅಷ್ಟೇ ಸಾಕು.
ಅಣ್ಣ ಪುಸ್ತಕದಲ್ಲಿ ಗೀಚಿಕೊಂಡು, ತಲೆ ಎತ್ತದೆ,
ಮುಂದೆ ಯಾರು, ಹಿಂದೆ ಯಾರು, ಎದುರಿನಿಂದ ಯಾರು,
ಪಟ್ಟಿ ಒಪ್ಪಿಸುತ್ತಿದ್ದ.
ಆಮೇಲೆ ಅವನ ಹಂಗಿಲ್ಲ.
ಪಡುಬಿದ್ರಿಯ ಬಳಿ ಎರಡು ಬಸ್ಸು ಲೈಟು ಮಿಣುಕಿಸಿ ನಿಂತು
ಕಿಟಕಿಯಿಂದ ಕಿಟಕಿಗೆ ಟಿಫಿನ್ ಡಬ್ಬಿ, ಮದ್ದಿನ ಕಟ್ಟು,
ಯಾರದೋ ಮನೆಯ ಬೀಗದ ಕೈ ದಾಟಿಸುತ್ತಿದ್ದವು.
ಅವನು ಒಂದನ್ನೂ ಮುಟ್ಟಿದವನಲ್ಲ.

ಮೂರು ಟ್ರಿಪ್ಪು ಸದ್ದಿಲ್ಲದ ಬಸ್ಸಿನ ಹೆಸರಿಗೆ ಗೀಟು.
ಸಿಟ್ಟಿಲ್ಲ, ವಿಚಾರಣೆಯಿಲ್ಲ.
ಬಂದರೆ ಕೆಳಗಿನ ಸಾಲಿನಲ್ಲಿ ಮತ್ತೆ ಹೆಸರು.

ಹಾಗೇ ಮಾಡಿದೆ. ನನ್ನ ಪೆಟ್ಟಿಗೆಯ ಕೈಗೆ ಪುಸ್ತಕ ಕೊಟ್ಟೆ.
ಸುಗಂಧಿಯದಕ್ಕೆ ಇದೊಂದರ ವಿಳಾಸ ಹೇಳಿಸಿದೆ:
ಮೊದಲು ಇಲ್ಲಿ ಬಂದು ಹೆಸರು ಹೇಳು, ಉಳಿದವರನ್ನು ಆಮೇಲೆ ತೋರಿಸುತ್ತೇನೆ.

"ಪುಸ್ತಕ ಹಿಡಿದವನೇ ಮಲಗಿದರೆ?"

ಮರೆತಿದ್ದೆ.
ಉಗ್ಗಪ್ಪಣ್ಣ ಕಾಮಾಲೆಯಲ್ಲಿ ಮಲಗಿದ ಹದಿನೆಂಟು ದಿನ
ಒಂದು ಬಸ್ಸೂ ಲೆಕ್ಕ ತಪ್ಪಲಿಲ್ಲ.
ಪಕ್ಕದ ಸೋಡದಂಗಡಿಯ ಖತೀಜಮ್ಮ
ಅವನ ಒಪ್ಪಿಸುವಿಕೆಯನ್ನೇ ಕೇಳಿ ಕೇಳಿ
ಒಳಗೋಡೆಯ ಮೇಲೆ ಇದ್ದಿಲಿನಲ್ಲಿ
ವರ್ಷಗಟ್ಟಲೆ ಅದೇ ಪಟ್ಟಿ ಬರೆದಿಟ್ಟಿದ್ದಳು.
ಯಾಕೆ ಎಂದವರಿಗೆ,
"ಎಷ್ಟು ಸೋಡ ತಣ್ಣಗಿಡುವುದೆಂದು ನನಗೆ ಗೊತ್ತಾಗಬೇಡವಾ?"

ಎರಡನೇ ಪುಸ್ತಕ ಕಲ್ಸಂಕಕ್ಕೆ.

ಒಂದೂ ನಲವತ್ತೇಳು. ಪರದೆಯಲ್ಲಿ ಒಂದು ಸಾಲು ಮೂಡಿತು,
ಉಡುಪಿ.
ಅವಳ ಪರದೆಯಲ್ಲಿ ಮಂಗಳೂರು ಮೂಡಿರಬೇಕು.
ನಾಲ್ಕು ವರ್ಷದ ಫೋನು ನಮ್ಮದು,
ಮುಖ ನೋಡಿದ್ದಿಲ್ಲ ಒಮ್ಮೆಯೂ.
ಸ್ವಲ್ಪ ಹೊತ್ತು ಇಬ್ಬರೂ ಏನೂ ಹೇಳಲಿಲ್ಲ.
ಫ್ಯಾನುಗಳ ಮೊರೆತ, ಅಲ್ಲಿಯದೋ ಇಲ್ಲಿಯದೋ.

"ಉಲ್ಲನಾ?" ಎಂದಳು.