ತಿದ್ದುಪಡಿ, ನೂರಾಹದಿನೇಳನೆಯ ಸಂಚಿಕೆ

ಆ ಸಂಗೀತ ನನಗೆ ಹಿಡಿಸಿದ್ದೇ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.
ಇದರಲ್ಲಿ ನನ್ನ ಪಾಲು ಬರೀ ನಾಲಿಗೆಯದು.
ಇಪ್ಪತ್ತೊಂಬತ್ತು ವರ್ಷ ಅಂಚೆಚೀಟಿಯ ಬೆನ್ನು ನೆಕ್ಕಿ ನೆಕ್ಕಿ
ಚಹಾಕ್ಕೂ ಈಗ ಅಂಟಿನದೇ ರುಚಿ.
ತಾವಾಗಿಯೇ ಅಂಟುವ ಚೀಟಿ ಬಂದು ಎಷ್ಟೋ ಕಾಲವಾಯಿತು;
ಬೆರಿಲ್‌ಗೆ ಹಳೆಯವೇ ಆಗಬೇಕು.

ಗ್ರಿಮ್ಸ್‌ಬಿಯಲ್ಲಿ, ಮೀನುಕಟ್ಟೆಯ ಹಿಂದಿನ ಬೀದಿಯಲ್ಲಿ,
ನಮ್ಮ ಅಡುಗೆಮನೆಯ ಮೇಜಿನ ಮೇಲೆ
ವರ್ಷಕ್ಕೆ ನಾಲ್ಕು ಸಲ ಹುಟ್ಟುತ್ತದೆ ‘ದಪ್ಪ ತಂತಿ’:
ಎಂಟು ಪುಟ, ಮೂಲೆಗೊಂದು ಪಿನ್ನು,
ಪುಟತುಂಬ ಲೆನ್ ಥ್ರಸೆಲ್.
ಅವನು ಸತ್ತು ಹನ್ನೆರಡು ವರ್ಷ. ಸುದ್ದಿಗೆ ಬರವಿಲ್ಲ.
ಟ್ರೊಮ್ಸೊದ ದಾದಿಯೊಬ್ಬಳು ಮಗನಿಗೆ ಲೆನ್ ಎಂದೇ ಹೆಸರಿಟ್ಟಳು.
ಹಲ್‌ನ ಗೋಡೆಯೊಂದರ ಮೇಲೆ ಅವನ ಚಿತ್ರ ಬರೆದರು,
ಎಡಗೈಗೆ ಆರು ಬೆರಳು.
ಬೆರಿಲ್ ಪುರಸಭೆಗೆ ಕಾಗದ ಹಾಕಿದಳು. ಒಂದನ್ನು ಅಳಿಸಿದರು.
ಈಗ ಹೆಬ್ಬೆರಳಿಲ್ಲ.

ಕೊನೆಯ ಪುಟದ ತಳದಲ್ಲಿ ಒಂದು ಗೆರೆ,
ಗೆರೆಯ ಕೆಳಗೆ ‘ತಿದ್ದುಪಡಿ’.
ಡ್ರಮ್ಮಿನವನು ಹುಟ್ಟಿದ್ದು ಮಂಗಳವಾರವಲ್ಲ, ಬುಧವಾರ.
ವ್ಯಾನಿನ ಬಣ್ಣ ಹಸಿರಲ್ಲ, ಹಸಿರಾಗಿ ಕಾಣುವ ನೀಲಿ.
ಮೀನಿನ ಮುಳ್ಳು ಆರಿಸಿದ ಹಾಗೆ ಆರಿಸುತ್ತಾಳೆ.

ಆದರೆ ಮೊದಲ ಸಂಚಿಕೆಯ ಮೊದಲ ಸಾಲನ್ನು ಯಾರೂ ಮುಟ್ಟಿರಲಿಲ್ಲ:
ಹುಡುಗ ಲೆನ್ ಬಂದರಿನ ಮಂಜಿನ ಕಹಳೆ ಕೇಳಿ
ಆ ತಗ್ಗುಸ್ವರಕ್ಕೆ ಗಿಟಾರಿನ ಶ್ರುತಿ ಇಳಿಸಿದ.
ಅಲ್ಲಿಂದ ಹುಟ್ಟಿತು ಆ ಗುಡುಗು.
ಸಪ್ಪೊರೊದ ಮಿತ್ಸುಕೊ ಇಳಿಸಿದಳು,
ರೊಸಾರಿಯೊದ ಒರಾಸಿಯೊ ಇಳಿಸಿದ,
ಸಮುದ್ರವನ್ನೇ ಕಾಣದ ಊರುಗಳ ಹುಡುಗರು
ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು
ಇಲ್ಲದ ಹಡಗಿಗೆ ದಾರಿ ತೋರಿಸಿದರು.

ಕಳೆದ ತಿಂಗಳು ಅವನ ಅಕ್ಕ ಐವಿಯ ಕಾಗದ ಬಂತು.
ಎಂಬತ್ತೆಂಟು ವರ್ಷ, ಅಕ್ಷರ ಇನ್ನೂ ನೆಟ್ಟಗೆ.
‘ಕಹಳೆಯೂ ಇಲ್ಲ, ಮಣ್ಣೂ ಇಲ್ಲ.
ದಪ್ಪ ತಂತಿಯ ಬಿರಡೆಗೆ ಹಲ್ಲು ಸವೆದಿತ್ತು,
ಬಿಗಿದಷ್ಟೂ ಜಾರುತ್ತಿತ್ತು.
ಹೊಸದಕ್ಕೆ ಅಪ್ಪ ಕಾಸು ಬಿಚ್ಚಲಿಲ್ಲ.
ಅದೊಂದು ಮೇಲೇರಲಾರದೆಂದು
ಉಳಿದ ಐದನ್ನೂ ಕೆಳಗಿಳಿಸಿಕೊಂಡ.
ನಾನು ಸಾಯುವ ಮೊದಲು ಇದು ಸರಿಯಾಗಲಿ.’

ಬೆರಿಲ್ ಮೂರು ರಾತ್ರಿ ದೀಪ ಆರಿಸಲಿಲ್ಲ.
‘ಹಾಕಲೋ ಬೇಡವೋ? ಹಾಕಿದರೆ ಇದೇ ಕೊನೆಯದು’ ಎಂದಳು.
ಆಗ ನಾನು ಬಾಯಿ ಬಿಟ್ಟೆ.

ಹತ್ತೊಂಬತ್ತು ಚಳಿಗಾಲ ಮೀನುಹಡಗಿನಲ್ಲಿ ಅಡುಗೆ ಮಾಡಿದವನು ನಾನು.
ಐಸ್‌ಲ್ಯಾಂಡಿನ ಕಡೆಯಿಂದ ಮರಳುವಾಗ
ತನ್ನ ಕೈ ತನಗೇ ಕಾಣದ ಮಂಜಿನಲ್ಲಿ
ಸೌಟು ಹಿಡಿದು ನಿಂತು ಆ ಕಹಳೆಗೆ ಕಿವಿಗೊಟ್ಟವನು.
ಅದರ ಸ್ವರ ನನ್ನ ಹಲ್ಲಿನ ಬೇರಿಗೆ ಗೊತ್ತು.
ಲೆನ್‌ನ ತಂತಿ ಅದಲ್ಲ.
ಮೊದಲ ತಟ್ಟೆ ತಿರುಗಿದ ದಿನವೇ ಗೊತ್ತಿತ್ತು, ಅದಲ್ಲ.

‘ಇಪ್ಪತ್ತೊಂಬತ್ತು ವರ್ಷ! ಒಂದು ಮಾತು ಹೇಳಬಾರದಿತ್ತೆ?’
‘ನೀನು ಕೇಳಲಿಲ್ಲ. ಚೀಟಿ ಅಂಟಿಸು ಅಂದೆ, ಅಂಟಿಸಿದೆ.’
ಅವಳು ನನ್ನನ್ನು ನೋಡಿದಳು,
ಗುರುತಿನ ನೀರಿನಲ್ಲಿ ಹೊಸದೊಂದು ಬಂಡೆ ಕಂಡ ಹಾಗೆ.
ಆಮೇಲೆ ಟೈಪ್‌ರೈಟರನ್ನು ಹತ್ತಿರ ಎಳೆದುಕೊಂಡಳು.
ಗೆರೆ. ಗೆರೆಯ ಕೆಳಗೆ ಒಂದೇ ಸಾಲು:
ಕಹಳೆ ತಪ್ಪು, ಬಿರಡೆ ಸರಿ, ಕ್ಷಮೆ ಇರಲಿ.

ಇನ್ನೂರ ಆರು ಲಕೋಟೆ. ನೆಕ್ಕಿದೆ. ಡಬ್ಬಿಗೆ ಹಾಕಿ ಬಂದೆ.
ಅವಳು ಮೇಜು ಒರೆಸಿ,
ಟೈಪ್‌ರೈಟರಿಗೆ ಮುಸುಕೆಳೆದಳು.
ಹೋದವರ ಮುಖಕ್ಕೆ ಎಳೆಯುವ ಹಾಗೆ.

ಇವತ್ತಿನ ಅಂಚೆಯಲ್ಲಿ ಒಂಬತ್ತು ಉತ್ತರ.
ಒರಾಸಿಯೊ ಅರ ಹಿಡಿದು ಕೂತಿದ್ದಾನಂತೆ,
ಒಳ್ಳೆಯ ಬಿರಡೆಯೊಂದನ್ನು ಕೆಡಿಸಲು.
ಮಿತ್ಸುಕೊ ಕೇಳುತ್ತಾಳೆ: ಸವೆದದ್ದು ಎಷ್ಟು ಹಲ್ಲು?
ಒಂದೋ, ಎರಡೋ?
ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ತಿಳಿಸಿ.

ಬೆರಿಲ್ ಐವಿಗೆ ಫೋನು ಹಚ್ಚಿದ್ದಾಳೆ.
ನಾನು ಕೋಟು ತೊಟ್ಟು ಹೊರಟೆ, ಚೀಟಿ ತರಲು.
ಹಳೆಯವೇ, ನೆಕ್ಕುವಂಥವು.