ನೋವಿದ್ದ ಕಡೆಗೇ ಉಸಿರು

ಮೊಣಕೈ ಮೇಲಿರಲಿ, ಎನ್ನುತ್ತಾರೆ ದೆಜೋ ಮಾಸ್ತರು
ಕೊಳದ ಅಂಚಿನಲ್ಲಿ ರಬ್ಬರ್ ಚಪ್ಪಲಿ ಚಟಪಟಿಸುತ್ತ.
ಬೆರಳು ಮೊದಲು, ಆಮೇಲೆ ಮಣಿಕಟ್ಟು, ಆಮೇಲೆ ನೀನು.
ಕೈ ಚಾಚಿದ ಮೇಲೆ ತಡೆ. ಜಾರು. ಅವಸರ ಯಾಕೆ?
ನೀರೇನು ಓಡಿಹೋಗುತ್ತದೆಯೇ?

ಪಕ್ಕದ ಸಾಲಿನಲ್ಲಿ ಎಮೊಕೆ, ಹದಿನಾರರ ಹುಡುಗಿ,
ಹದಿಮೂರೇ ಸಲ ತೋಳು ಬೀಸಿ ಆ ತುದಿ ಮುಟ್ಟುತ್ತಾಳೆ.
ಎಣಿಸಿದ್ದೇನೆ, ಹೊಟ್ಟೆಕಿಚ್ಚಿನಿಂದ.
ಅವಳು ಹಾದುಹೋದದ್ದು ನೀರಿಗೇ ಗೊತ್ತಾಗುವುದಿಲ್ಲ.
ನನಗೆ ಇಪ್ಪತ್ತಾರು ಬೇಕು; ನೀರಿಗಷ್ಟೇ ಅಲ್ಲ,
ಟಿಕೆಟ್ ಕಿಟಕಿಯ ಮರ್ಗಿತ್‌ಗೂ ಗೊತ್ತಾಗುತ್ತದೆ.

ನನಗೀಗ ಐವತ್ತೆಂಟು. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ
ಅಂಚೆಚೀಲ ನೇತಾಡಿದ್ದು ಎಡಭುಜದಲ್ಲೇ.
ಸಾಲದೆಂಬಂತೆ ಹುಳಿಚೆರ್ರಿ ಮರದ ಏಣಿಯಿಂದ ಬಿದ್ದೆ:
ಬುಟ್ಟಿ ಬಿಡಲಿಲ್ಲ, ಭುಜ ಬಿಟ್ಟುಕೊಟ್ಟೆ.
ಅಂದಿನಿಂದ ಎಡಗೈ ಕಿವಿಯ ತನಕ ಬಂದು
ಮುನಿದ ನೆಂಟನ ಹಾಗೆ ಹೊಸ್ತಿಲಲ್ಲೇ ನಿಲ್ಲುತ್ತದೆ,
ಒಳಗೆ ಬಾ ಅಂದರೆ ಬಾರದು.

ಚಳಿಗಾಲವೆಲ್ಲ ಶೈಲಿ ಹುಡುಕಿದೆ, ಕೋಟು ಹುಡುಕಿದ ಹಾಗೆ,
ತೊಟ್ಟು ನೋಡಿ, ಬಿಚ್ಚಿ, ಇನ್ನೊಂದು.
ಕಾಲು ಆರು ಸಲ ಬಡಿದೆ: ದಮ್ಮು ಕಟ್ಟಿತು.
ಎರಡೇ ಸಲ ಬಡಿದೆ: ಸೊಂಟ ಮುಳುಗಿತು.
ಮೂರಕ್ಕೊಮ್ಮೆ ಉಸಿರು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ,
ಇಬ್ಬರು ಸೊಸೆಯರ ನಡುವಿನ ಅತ್ತೆಯಂತೆ
ಎರಡೂ ಕಡೆ ನ್ಯಾಯ ಹೇಳಿ ಎರಡೂ ಕಡೆ ನೀರು ಕುಡಿದೆ.
ಎಡ ನೋಯುತ್ತದಲ್ಲ, ಬಲಕ್ಕೇ ಉಸಿರಾಡು, ಅಂದರು ಎಲ್ಲರೂ.
ಆಡಿದೆ. ನೋವು ನೀರಿನ ಕತ್ತಲಲ್ಲಿ
ಒಂಟಿಯಾಗಿ ಉಳಿದು ಇನ್ನಷ್ಟು ಅತ್ತಿತು.

ಜೂನಿನಲ್ಲಿ ಸರೋವರ. ಬಲತೋನ್‌ಗೆ ಆಳ ಕಡಿಮೆ, ಸಿಟ್ಟು ಜಾಸ್ತಿ;
ಗಾಳಿ ಒಂದಾಡಿದರೆ ಇದು ಹತ್ತಾಡುತ್ತದೆ.
ಹಾಲು ಬೆರೆಸಿದ ಹಸಿರು, ಗಿಡ್ಡ ಗಿಡ್ಡ ಅಲೆ,
ದಂಡೆಯಿಂದ ಕರಿದ ಲಾಂಗೋಶಿನ ಬೆಳ್ಳುಳ್ಳಿ ಘಮ.
ಮಾಸ್ತರು ಹೇಳಿದಂತೆ ಕೈ ಚಾಚಿ ತಡೆದೆ.
ಅಲೆ ಬಂದು ಅಂಗೈಗೊಂದು ಕೊಟ್ಟಿತು: ನಡಿ, ನಡಿ.
ಎಮೊಕೆ ಕೂಡ ಅಲ್ಲಿ ಕೆಮ್ಮುತ್ತಿದ್ದಳು.
ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಮುನ್ನೂರು ಮೀಟರಿನಾಚೆ
ಬಲದ ಕೆನ್ನೆಗೆ ಬಿಟ್ಟೂಬಿಡದೆ ಏಟು.
ಗತಿಯಿಲ್ಲದೆ ಎಡಕ್ಕೆ ಹೊರಳಿ ಬಾಯಿ ತೆರೆದೆ.
ಮೈ ವಾಲಿತು.
ಕೆಟ್ಟ ಭುಜ ತಾನಾಗಿ ಮೇಲೆದ್ದು
ಬಿಸಿಲಿಗೆ ಬಂತು.
ನಾನು ಎತ್ತಲೇ ಇಲ್ಲ.
ಬಲಗೈ ಮುಂದೆ ಚಾಚಿಕೊಂಡು ಕಾದಿತ್ತು,
ಎಡಗೈ ತನಗಾದಷ್ಟು ಬಂದು ಬಿತ್ತು:
ಉದ್ದ, ಗಿಡ್ಡ. ಉದ್ದ, ಗಿಡ್ಡ.
ಕುಂಟಾಬಿಲ್ಲೆ ಆಡುವ ಹುಡುಗಿಯ ಹೆಜ್ಜೆ,
ಚೀಲ ಹೊತ್ತು ನಾಲ್ಕನೇ ಮಹಡಿಗೆ
ಮೆಟ್ಟಿಲೇರುತ್ತಿದ್ದ ನನ್ನದೇ ಹೆಜ್ಜೆ.

ಕುಂಟುತ್ತಿದ್ದೀಯ! ಕೂಗಿದರು ಮಾಸ್ತರು
ಹುಟ್ಟು ಹಾಕುತ್ತ, ದೋಣಿಯಿಂದ.
ಹೌದೆನ್ನಲು ಬಾಯಿಗೆ ಬಿಡುವಿರಲಿಲ್ಲ.
ಎಡಕ್ಕೆ ತಿರುಗಿದಾಗೆಲ್ಲ ದೋಣಿ ಕಾಣುತ್ತಿತ್ತು,
ಸ್ವಲ್ಪ ಹಿಂದೆ,
ಆಮೇಲೆ, ಇನ್ನೂ ಸ್ವಲ್ಪ ಹಿಂದೆ.